ಹೊಳೆಗಿಳಿಯುವವರ ಮಳೆಯುಡುಪು

ಕಲಬುರಗಿ ಸೀಮೆಯ ಘತ್ತರಗಿಯಲ್ಲಿ ಹರಿಯುವ ಭೀಮಾ ಹೊಳೆಗೆ ಎರಡು ಮಳೆ. ಒಂದು ಪುಣೆಯ ಆಚೆ ಸಹ್ಯಾದ್ರಿಯಲ್ಲಿ ಸುರಿಯುವುದು. ಅದರ ಒಂದು ಹನಿಯೂ ಇಲ್ಲಿಯವರ ತಲೆ ಮೇಲೆ ಬೀಳುವುದಿಲ್ಲ. ಉಜನಿ ಜಲಾಶಯದ ಗೇಟು ತೆರೆದಾಗ ಹೊಳೆಯ ದಾರಿ ಹಿಡಿದು ಬರುತ್ತದೆ. ಇನ್ನೊಂದು ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಸ್ವಂತ ಮಳೆ. ಜೂನ್‌ನಲ್ಲಿ ಆಸೆ ಹುಟ್ಟಿಸಿ, ನಡುವೆ ಕೈಕೊಟ್ಟು, ಹುಬ್ಬಾ, ಉತ್ತರಾ ಮಳೆಗಳ ಹೊತ್ತಿಗೆ ಹಟ ಹಿಡಿದು ಸುರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಎರಡೂ ಒಟ್ಟಿಗೇ ಬಂದವು. ಮೇಲಿನಿಂದ ಜಡಿಮಳೆ, ಉಜನಿ ಮತ್ತು ವೀರ ಜಲಾಶಯಗಳಿಂದ ಬಿಟ್ಟ ನೀರು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳಿಗೆ ನೀರು ನುಗ್ಗಿ ಜನ ಮನೆ ಬಿಟ್ಟರು.

ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಅಮಾವಾಸ್ಯೆ, ಹುಣ್ಣಿಮೆಗೆ ಬರುವವರು ಹೊಳೆಯಲ್ಲಿ ಮುಳುಗು ಹಾಕಿ, ಗುಡಿಗೆ ಹೋಗಿ, ಬಸ್ ಹಿಡಿದು ಊರಿಗೆ ಹೋಗುತ್ತಾರೆ. ಹೊಳೆಯೊಳಗೇ ಬದುಕು ಇರುವವರು ಬೇರೆ. ಅಂಬಿಗ, ಕೋಲಿ, ಕಬ್ಬಲಿಗ, ಬೆಸ್ತ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ, ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರನ್ನು ತಮ್ಮ ಹಿರಿಯರೆಂದು ನೆನೆಯುವ ಜನ. ಸೇತುವೆಗಳು ಬಂದ ಮೇಲೆ ಹೊಳೆ ದಾಟಿಸುವ ಕೆಲಸ ಹೆಚ್ಚುಕಡಿಮೆ ಮುಗಿಯಿತು, ಬಲೆ ಉಳಿಯಿತು. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತಬೇಕು. ಮಳೆ ಬಂತೆಂದು ಮನೆಯಲ್ಲಿ ಕುಳಿತರೆ ಬಲೆಗೆ ಬಿದ್ದ ಕಟ್ಲಾ, ರೋಹು ಅಲ್ಲೇ ಕೆಡುತ್ತವೆ. ಹೊಸ ನೀರು ಬಂದುಬಿಟ್ಟರೆ ಬಲೆಯ ಆಸೆಯನ್ನೂ ಬಿಡಬೇಕು. ಆದ್ದರಿಂದ ಬೇರೆಯವರು ಸೂರು ಹುಡುಕುವ ಹೊತ್ತಿಗೇ ಇವರು ದಡಕ್ಕೆ ಇಳಿಯುತ್ತಾರೆ. ಆಗ ಮೈಮೇಲೆ ಏನಿರಬೇಕು ಎಂಬುದು ಬರೀ ಬಟ್ಟೆ ಅಂಗಡಿಯ ವಿಚಾರವಲ್ಲ.

ನಮ್ಮ ಕಡೆ ಮಳೆಗೆ ಹಳೆಯ ಉತ್ತರ ಕೊಪ್ಪೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಒಳಕ್ಕೆ ಒತ್ತಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ಎರಡು ಪದರದ ಚೂಪು ಟೊಪ್ಪಿಗೆಯಾಗುತ್ತದೆ. ಅದನ್ನು ತಲೆಗೆ ಸಿಕ್ಕಿಸಿಕೊಂಡರೆ ಉಳಿದ ಚೀಲ ಬೆನ್ನ ಮೇಲೆ ಇಳಿಬೀಳುತ್ತದೆ. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಲಾಡಿ ಇಲ್ಲ, ಖರ್ಚೂ ಇಲ್ಲ. ಕೊಡೆ ಹಿಡಿದವನಿಗೆ ಒಂದೇ ಕೈ. ಕೊಪ್ಪೆ ಹಾಕಿದವನಿಗೆ ಎರಡೂ ಕೈ ಬಿಡುವು. ಮಲೆನಾಡಿನಲ್ಲಿ ಇದೇ ಕೆಲಸಕ್ಕೆ ಬಿದಿರ ಕಡ್ಡಿ, ಒಣಎಲೆಗಳ ಗೊರಬು ಇತ್ತು. ನೆಟ್ಟಿ ಮಾಡುವವರು ಬಗ್ಗಿ ನಿಂತಾಗ ಬೆನ್ನನ್ನು ಪೂರಾ ಮುಚ್ಚುವ ಹಾಗೆ ಅದನ್ನು ಹೆಣೆಯುತ್ತಿದ್ದರು. ಬಯಲುಸೀಮೆಯಲ್ಲಿ ಅಂಥ ಎಲೆಯೂ ಇಲ್ಲ, ಅಷ್ಟು ಮಳೆಯೂ ಇಲ್ಲ. ಇಲ್ಲಿ ಇದ್ದದ್ದು ಚೀಲ ಮತ್ತು ಕುರಿ.

ಕುರಿಯಿಂದ ಬಂದದ್ದು ಕಂಬಳಿ, ಕಂಬಳಿಯಿಂದ ಕಂಬಳಿ ಕೊಪ್ಪೆ. ದಖನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ. ಸ್ವೆಟರಿಗೆ ಯಾರೂ ಕೇಳುವುದಿಲ್ಲ. ಮಳೆಗೆ ಮಾತ್ರ ಹೇಳಿ ಮಾಡಿಸಿದ್ದು. ವರ್ಷಕ್ಕೆರಡು ಸಲ ಕತ್ತರಿಸಿ ತೆಗೆದ ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಎಕ್ಕಿ ಹಗುರ ಮಾಡುತ್ತಾರೆ, ಮನೆಯ ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಉಣಿಸುವುದೇ ಇಡೀ ಕೆಲಸದ ಮರ್ಮ. ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು, ಅಂಟಾಗುವವರೆಗೆ ಕುದಿಸುತ್ತಾರೆ. ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಅದನ್ನು ಕುಂಚದಿಂದ ಸವರಿ ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಕುಣಿಮಗ್ಗ. ಗಂಜಿ ಉಂಡ ಕಂಬಳಿ ಮೊದಮೊದಲು ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಮಳೆಹನಿ ಅದರ ಮೇಲೆ ಬಿದ್ದರೆ ಉಣ್ಣೆಯ ಜಿಡ್ಡು ಮತ್ತು ಬಿಗಿ ನೇಯ್ಗೆ ಸೇರಿ ಅದನ್ನು ಜಾರಿಸುತ್ತವೆ. ಗಂಟೆಗಟ್ಟಲೆ ಸುರಿದರೆ ಒದ್ದೆಯಾಗುತ್ತದೆ, ನಿಜ. ಆದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರಿನ ಆವಿಯನ್ನು ಹೀರಿಯೂ ಮೈಗೆ ಒದ್ದೆ ಅನಿಸುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಕುರಿಗಾಹಿ ರಾತ್ರಿಯಿಡೀ ಮಳೆಯಲ್ಲಿ ಕಂಬಳಿ ಹೊದ್ದು ಕೂರಬಲ್ಲ ಎಂಬುದರ ಹಿಂದೆ ಇರುವುದು ಇದೇ.

ಹಾಗಾದರೆ ಮೀನು ಹಿಡಿಯುವವರಿಗೂ ಕಂಬಳಿಯೇ ಸಾಕಲ್ಲವೇ? ದಡದಲ್ಲಿ ಗಾಳ ಹಾಕಿ ಕೂರುವವರಿಗೆ ಸಾಕು, ಅದಕ್ಕಿಂತ ಸುಖದ್ದು ಬೇರೊಂದಿಲ್ಲ. ಹರಿಗೋಲು, ತೆಪ್ಪ ಏರುವವರಿಗೆ ನಾನು ಹೇಳುವುದಿಲ್ಲ. ನೆನೆದ ಕಂಬಳಿ ಹೊರೆ. ಅದನ್ನು ಹೊದ್ದು ಬಲೆ ಎಳೆಯಲು ಬಗ್ಗಿದರೆ ತೂಕವೆಲ್ಲ ಒಂದೇ ಕಡೆಗೆ ಬೀಳುತ್ತದೆ, ಹರಿಗೋಲು ವಾಲಲು ಅಷ್ಟು ನೆಪ ಸಾಕು. ಇಷ್ಟಾದರೂ ಹಳೆಯ ಕೊಪ್ಪೆಯಲ್ಲಿ ಒಂದು ಜಾಣತನವಿದೆ. ಅದನ್ನು ಮೈಗೆ ಕಟ್ಟಿಕೊಂಡಿರುವುದಿಲ್ಲ. ಮನುಷ್ಯ ನೀರಿಗೆ ಬಿದ್ದರೆ ಕೊಪ್ಪೆ ತಾನಾಗಿ ಕಳಚಿ ಬೇರೆಯಾಗುತ್ತದೆ. ಸಾವಿರಾರು ರೂಪಾಯಿಯ ಕೋಟುಗಳು ಎಷ್ಟೋ ಸಲ ಇದನ್ನೇ ಮರೆತಿರುತ್ತವೆ. ಹೊಳೆಗಿಳಿಯುವವರ ಮಳೆಯುಡುಪನ್ನು ಅಳೆಯಬೇಕಾದ್ದು ಈ ಎರಡರಿಂದಲೇ: ಕೈ ಬಿಡುವಾಗಿರಬೇಕು, ಬಿದ್ದಾಗ ತಟ್ಟನೆ ಬಿಚ್ಚಲು ಬರಬೇಕು. ನೀರು ಒಳಗೆ ಬಾರದಿರುವುದು ಮೂರನೆಯ ಮಾತು.

ಸಮುದ್ರದವರ ಕಥೆ ಬೇರೆ. ಚಳಿಗಡಲಿನಲ್ಲಿ ನೆನೆದರೆ ಮೈ ಸೆಟೆದು ಸಾಯುವ ಭಯವಿದ್ದ ನಾಡುಗಳಲ್ಲಿ ನಾವಿಕರು ಹಾಯಿಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ಅಂಗಿ ಮಾಡಿಕೊಂಡರು. ನಾರ್ವೆಯ ಹೆಲ್ಲಿ ಯೂಲ್ ಹ್ಯಾನ್ಸನ್ ಎಂಬ ಹಡಗಿನ ಕ್ಯಾಪ್ಟನ್ 1877ರಲ್ಲಿ ಇಂಥ ಎಣ್ಣೆಬಟ್ಟೆಯ ವ್ಯಾಪಾರವನ್ನೇ ಶುರು ಮಾಡಿದ. ಅದಕ್ಕೂ ಮೊದಲು, 1823ರಲ್ಲಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಬಳಿದು ಪೇಟೆಂಟ್ ಪಡೆದಿದ್ದ. ಬಿಸಿಲಿಗೆ ಅಂಟಂಟು, ಚಳಿಗೆ ಗಡಸು ಆಗುತ್ತಿದ್ದ ಆ ಕೋಟಿನ ಕಾಯಿಲೆ, ರಬ್ಬರನ್ನು ಗಂಧಕದ ಜೊತೆ ಕಾಯಿಸುವ ವಿಧಾನ ಬಂದ ಮೇಲೆ ವಾಸಿಯಾಯಿತು. ನಮ್ಮ ದೇಶದಲ್ಲಿ ಸುರೇಂದ್ರ ಮೋಹನ ಬೋಸ್ ಅವರು ಕೋಲ್ಕತ್ತದಲ್ಲಿ 1920ರಲ್ಲಿ ಆರಂಭಿಸಿದ ಬೆಂಗಾಲ್ ವಾಟರ್‌ಪ್ರೂಫ್ ಕಾರ್ಖಾನೆಯ ‘ಡಕ್‌ಬ್ಯಾಕ್’ ರೇನ್‌ಕೋಟ್ ಹಾಕದ ಶಾಲಾಮಕ್ಕಳು ಒಂದು ಕಾಲಕ್ಕೆ ಕಡಿಮೆ. ಈಗ ಮಲ್ಪೆ, ಮಂಗಳೂರು ಬಂದರಿನಲ್ಲಿ ಕಾಣುವುದು ಹಳದಿ, ಕಿತ್ತಳೆ ಬಣ್ಣದ ಪಿವಿಸಿ ಅಂಗಿ ಮತ್ತು ಎದೆಯವರೆಗೆ ಬರುವ ಪ್ಯಾಂಟು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಆಗಸ್ಟ್‌ನಲ್ಲಿ ಅವು ಕಡಲಿಗಿಳಿಯುವಾಗಲೂ ಮಳೆ ಬಿಟ್ಟಿರುವುದಿಲ್ಲ.

ಘತ್ತರಗಿಯವರು ಮಲ್ಪೆಯವರನ್ನು ನೋಡಿ ಕೊಳ್ಳಬೇಕಾಗಿಲ್ಲ. ಇಲ್ಲಿಯ ಮಳೆ ಬೆಚ್ಚಗಿನದು. ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ಹೊದ್ದು ಹುಟ್ಟು ಹಾಕಿದರೆ ಅರ್ಧ ಗಂಟೆಯಲ್ಲಿ ಹೊರಗಿನ ಮಳೆಗಿಂತ ಒಳಗಿನ ಬೆವರೇ ಹೆಚ್ಚು ತೋಯಿಸುತ್ತದೆ. ಆವಿಯನ್ನು ಹೊರಬಿಟ್ಟು ನೀರನ್ನು ತಡೆಯುವ ಗೋರ್‌ಟೆಕ್ಸ್ ಮಾದರಿಯ ಬಟ್ಟೆ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಹೊರಗೆ ಚಳಿ, ಒಳಗೆ ಬಿಸಿ ಇದ್ದಾಗ. ಹೊರಗೂ ಒಳಗೂ ಒಂದೇ ಸೆಕೆ ಇರುವ ಕಲಬುರಗಿಯ ಸೆಪ್ಟೆಂಬರ್‌ನಲ್ಲಿ, ಮೀನಿನ ಲೋಳೆ, ಹೊಳೆಯ ಕೆಸರು ಮೆತ್ತಿಕೊಂಡ ಮೇಲೆ, ಆ ದುಡ್ಡು ದಂಡ. ಕಂಕುಳಲ್ಲಿ ತೂತು ಇರುವ, ಬೆನ್ನಲ್ಲಿ ಗಾಳಿಯಾಡುವ ಮಡಿಕೆ ಇರುವ ಸಾದಾ ಕೋಟು ಇಲ್ಲಿಗೆ ಮೇಲು.

ಪೇಟೆಯಲ್ಲಿ ಸಿಗುವುದರಲ್ಲಿ ತೀರಾ ಅಗ್ಗದ್ದು ತೆಳ್ಳಗಿನ, ಅರೆಪಾರದರ್ಶಕ ಕೋಟು. ಬೈಕಿನವನಿಗೆ ಒಂದು ಮಳೆಗಾಲ ಬಂದೀತು, ಬಲೆಯವನಿಗೆ ಒಂದು ವಾರವೂ ಬರಲಾರದು. ಗಾಳದ ಕೊಕ್ಕೆ ತಾಗಿದಲ್ಲೆಲ್ಲ ಉದ್ದಕ್ಕೆ ಸೀಳುತ್ತದೆ. ಅದರ ಮೇಲಿನದು ನೈಲಾನಿಗೆ ಒಳಗಡೆ ಲೇಪ ಹಚ್ಚಿದ್ದು. ಹಗುರ, ಬೇಗ ಒಣಗುತ್ತದೆ; ಒದ್ದೆಯಲ್ಲೇ ಮಡಚಿಟ್ಟರೆ ಒಂದೆರಡು ವರ್ಷದಲ್ಲಿ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಮೂರನೆಯದು ಪಾಲಿಯೆಸ್ಟರ್ ಬಟ್ಟೆಗೆ ದಪ್ಪಗೆ ಪಿವಿಸಿ ಹೊದಿಸಿದ್ದು. ತೂಕ ಹೆಚ್ಚು, ಸೆಕೆಯೂ ಹೆಚ್ಚು, ಬಾಳಿಕೆಯಲ್ಲಿ ಮಾತ್ರ ಇದರ ಸಮ ಇಲ್ಲ. ಲೋಳೆ, ಹುರುಪೆ ಒರೆಸಿದರೆ ಹೋಗುತ್ತದೆ. ಹೊಳೆಗೆ ನನ್ನ ಆಯ್ಕೆ ಇದೇ, ಆದರೆ ಪೂರ್ತಿ ಸೂಟ್ ಬೇಡ. ಸೊಂಟದಿಂದ ಒಂದು ಗೇಣು ಕೆಳಗೆ ನಿಲ್ಲುವ ಅಂಗಿ ಸಾಕು. ಕಾಲು ಹೇಗೂ ನೀರಲ್ಲೇ ಇರುತ್ತದೆ. ಚಡ್ಡಿಯೋ ಎತ್ತಿ ಕಟ್ಟಿದ ಲುಂಗಿಯೋ ಇದ್ದರೆ ತೋಯ್ದರೂ ಬೇಗ ಒಣಗುತ್ತದೆ.

ಅಂಗಡಿಯಲ್ಲಿ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಬರೀ ಸೂಜಿ ಹೊಲಿಗೆ ಇದ್ದರೆ ಪ್ರತಿ ತೂತೂ ಒಂದು ಸೋರುಬಾಯಿ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರಬೇಕು, ಇಲ್ಲವೇ ಅಂಚನ್ನು ಕಾಯಿಸಿ ಬೆಸೆದಿರಬೇಕು. ಮುಂದಿನ ತೆರಪು ನೋಡಿ. ಹೊರಗೆ ಕಾಣುವ ಗುಂಡಿ, ನೇತಾಡುವ ದಾರದ ತುದಿ, ಕಬ್ಬಿಣದ ಕೊಂಡಿ ಇವೆಲ್ಲ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುವಂಥವು. ಬಿಟ್ಟ ಬಲೆ ಹರಿವಿಗೆ ಎಳೆಯುವಾಗ ಒಂದು ಗುಂಡಿ ಸಿಕ್ಕಿಕೊಂಡರೂ ಮನುಷ್ಯ ಬಲೆಯ ಹಿಂದೆಯೇ ನೀರಿಗೆ ಹೋಗುತ್ತಾನೆ. ಗುಂಡಿಯನ್ನು ಮುಚ್ಚುವ ಮಡಿಕೆ ಇರಲಿ, ಅದು ಒಂದೇ ಎಳೆತಕ್ಕೆ ಬಿಡುವ ಒತ್ತುಗುಂಡಿಯಾಗಿರಲಿ. ತೋಳಿನ ತುದಿಯಲ್ಲಿ ಎಲಾಸ್ಟಿಕ್ ಬೇಕು. ಇಲ್ಲದಿದ್ದರೆ ಬಲೆ ಎತ್ತುವಾಗ ನೀರು ಮೊಣಕೈವರೆಗೆ ಇಳಿಯುತ್ತದೆ. ಟೊಪ್ಪಿ ತಲೆ ತಿರುಗಿಸಿದ ಕಡೆ ತಿರುಗಬೇಕು, ಕಿವಿ ಪೂರ್ತಿ ಮುಚ್ಚಬಾರದು. ಮೇಲಿನ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟಾಗ ಹೊಳೆಯ ಸದ್ದು ಮೊದಲು ಬದಲಾಗುತ್ತದೆ, ಅದು ಕೇಳಿಸಬೇಕು. ಇನ್ನು ಬಣ್ಣ. ಕೊಳೆ ಕಾಣುವುದಿಲ್ಲವೆಂದು ಕಪ್ಪು, ಕಡುನೀಲಿ ಕೊಳ್ಳುವವರೇ ಹೆಚ್ಚು. ಕೆಂಪಡರಿದ ಹೊಸನೀರಿನಲ್ಲಿ ಕಪ್ಪು ಕೋಟು ಕಾಣಿಸುವುದೇ ಇಲ್ಲ. ಹಳದಿ, ಕಿತ್ತಳೆ ಕೇಳಿ ತೆಗೆದುಕೊಳ್ಳಿ.

ಗಮ್‌ಬೂಟಿನ ವಿಷಯದಲ್ಲಿ ಎರಡು ಮಾತಿಲ್ಲ: ಬೇಡ. ದಡದ ಎರೆಮಣ್ಣಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ನೀರಿಗೆ ಬಿದ್ದರೆ ಬೂಟು ತುಂಬಿಕೊಂಡು ಕಾಲು ಎತ್ತಲಾಗುವುದಿಲ್ಲ. ದಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಏರುವ ರೂಢಿಯೇ ಸರಿ.

ದುಡ್ಡು ಕೊಟ್ಟು ತಂದ ಕೋಟನ್ನು ಕೊಲ್ಲುವುದು ಮಳೆಯಲ್ಲ, ಬಿಸಿಲು. ದಡದ ಜಾಲಿಮುಳ್ಳಿಗೆ ಎಸೆದು ದಿನವಿಡೀ ಬಿಸಿಲಿಗೆ ಬಿಟ್ಟರೆ ಪಿವಿಸಿಯನ್ನು ಮೆತ್ತಗೆ ಇಡುವ ರಾಸಾಯನಿಕ ಆವಿಯಾಗಿ ಬಟ್ಟೆ ಗಡಸಾಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ, ಒಳಗೂ ಹೊರಗೂ ಒಮ್ಮೆ ತಿರುಗಿಸಿ, ನೆರಳಲ್ಲಿ ನೇತುಹಾಕಿ. ಮೀನಿನ ವಾಸನೆ ಉಳಿದರೆ ಮಾರನೆಯ ದಿನಕ್ಕೆ ಇಲಿ ಒಂದು ಕಿಟಕಿ ತೆರೆದಿರುತ್ತದೆ. ಲೋಳೆ ಬಿಡದಿದ್ದರೆ ಮೈಸೋಪಿನ ನೊರೆ, ಮೆತ್ತನೆಯ ಬಟ್ಟೆ ಸಾಕು. ಬಟ್ಟೆ ಒಗೆಯುವ ಪುಡಿ, ಬ್ರಷ್, ಇಸ್ತ್ರಿ ಹತ್ತಿರ ಸುಳಿಯಬಾರದು. ಎಂಜಿನ್ ಕಟ್ಟಿದ ದೋಣಿಯವರು ಡೀಸೆಲ್ ಡಬ್ಬಿಯ ಪಕ್ಕ ಕೋಟು ಇಡಬೇಡಿ. ಬೇಸಿಗೆಯಲ್ಲಿ ಮಡಚಿ ಗಂಟು ಕಟ್ಟುವ ಬದಲು ಗೂಟಕ್ಕೆ ಹಾಕಿ. ಹರಿದರೆ ಹಲವರು ಸೈಕಲ್ ಅಂಗಡಿಗೆ ಓಡುತ್ತಾರೆ. ಪಂಕ್ಚರಿನ ಸಲ್ಯೂಷನ್ ರಬ್ಬರಿಗೆ ಹಿಡಿಯುತ್ತದೆ, ಪಿವಿಸಿಗೆ ಹಿಡಿಯುವುದಿಲ್ಲ. ಅದಕ್ಕೆ ವಿನೈಲ್ ಅಂಟು, ಹಳೆಯ ಕೋಟಿನದೇ ಒಂದು ತುಂಡು ಬೇಕು. ಹರಿದ ಜಾಗವನ್ನು ಒರೆಸಿ ಪೂರ್ತಿ ಒಣಗಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ ತುಂಡನ್ನು ಒಳಗಿನಿಂದ ಅಂಟಿಸಿ ಒಂದು ರಾತ್ರಿ ಭಾರ ಇಡಬೇಕು. ಚೌಕ ಮೂಲೆ ಬಿಟ್ಟರೆ ಅಲ್ಲಿಂದಲೇ ಏಳುತ್ತದೆ.

ಕಂಬಳಿಗೆ ಉಪಚಾರ ಬೇರೆ. ಅದನ್ನು ಪದೇಪದೇ ಒಗೆದರೆ ಗಂಜಿಯೂ ಜಿಡ್ಡೂ ಎರಡೂ ಹೋಗಿ ಬರೀ ಬಟ್ಟೆಯಾಗುತ್ತದೆ. ಕೊಡವಿ, ಬಿಸಿಲಿಗೆ ಹರವಿ, ಬೇವಿನ ಸೊಪ್ಪು ಇಟ್ಟು ಮಡಚಿದರೆ ನುಸಿ ಹತ್ತುವುದಿಲ್ಲ. ಕಂಬಳಿಗೆ ಬಿಸಿಲು ಮದ್ದು, ಕೋಟಿಗೆ ಬಿಸಿಲು ವಿಷ. ಎರಡನ್ನೂ ಒಂದೇ ಗೂಟಕ್ಕೆ ಹಾಕುವವರು ಇದನ್ನು ನೆನಪಿಡಬೇಕು.

ಎಂಥ ಕೋಟೂ ಸಿಡಿಲಿಗೆ ಅಡ್ಡ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಬಯಲಿನಂಥ ಹೊಳೆಯ ನಡುವೆ ತೆಪ್ಪದ ಮೇಲೆ ಕುಳಿತವನೇ ಎತ್ತರದ ಗುರಿ. ‘ದಾಮಿನಿ’, ‘ಸಿಡಿಲು’ ಎಂಬ ಮೊಬೈಲ್ ಆ್ಯಪ್‌ಗಳು ಮುನ್ಸೂಚನೆ ಕೊಡುತ್ತವೆ. ಗುಡುಗು ಕೇಳಿದ ಮೇಲೆ ಬಲೆ ಎತ್ತುವ ಆಸೆ ಬಿಟ್ಟು ದಡ ಸೇರುವುದು ಒಳ್ಳೆಯದು.

ಇಷ್ಟೆಲ್ಲ ಕೊಳ್ಳಲು ದುಡ್ಡೆಲ್ಲಿ ಎಂದು ಯಾರಾದರೂ ಕೇಳಿದರೆ ಅದು ನ್ಯಾಯದ ಪ್ರಶ್ನೆ. ಹೊಳೆಸಾಲಿನಲ್ಲಿ ಇವತ್ತಿಗೂ ಹೆಚ್ಚು ಕಾಣುವ ಮಳೆಯುಡುಪು ಯೂರಿಯಾ ಚೀಲ. 2018ರಲ್ಲಿ ಚೀಲ 50 ಕಿಲೋದಿಂದ 45ಕ್ಕೆ ಇಳಿಯಿತು, ಆದರೂ ಕೊಪ್ಪೆಗೆ ಸಾಕಾಗುತ್ತದೆ. ಬೀಳುವಾಗ ಕಳಚಿಕೊಳ್ಳುವ ಹಳೆಯ ಗುಣ ಅದಕ್ಕೂ ಇದೆ. ಹಾಗಾಗಿ ಈ ಮಳೆಗಾಲಕ್ಕೆ ಒಂದನ್ನಷ್ಟೇ ಕೊಳ್ಳಲು ಕೈಯಲ್ಲಿ ಹಣವಿದ್ದರೆ ರೇನ್‌ಕೋಟ್ ಕೊಳ್ಳಬೇಡಿ. ಲೈಫ್ ಜಾಕೆಟ್ ಕೊಳ್ಳಿ, ಮಳೆಗೆ ಯೂರಿಯಾ ಚೀಲವೇ ನಡೆಯಲಿ. ಎರಡೂ ಇದ್ದರೆ ಕೋಟು ಒಳಗೆ, ಜಾಕೆಟ್ ಅದರ ಮೇಲೆ ಹಾಕಿ.