ಹದಿನೆಂಟು ಜನ, ಎರಡೇ ಒಲೆ

ಡಿಸೆಂಬರ್ ರಜೆ. ಮಡಿಕೇರಿಯಲ್ಲೊಂದು ಹೋಮ್‌ಸ್ಟೇ. ನಾವು 18 ಜನ. ಅಡುಗೆಮನೆಯಲ್ಲಿ ಎರಡು ಬರ್ನರ್, ಒಂದು ಕಾವಲಿ, 5 ಲೀಟರಿನ ಒಂದೇ ಕುಕ್ಕರ್.

"ಬೆಳಗ್ಗೆ ದೋಸೆ ಹುಯ್ದ್ರೆ ಆಯ್ತಪ್ಪ" ಅಂದ್ರು ದೊಡ್ಡಮ್ಮ. ಲೆಕ್ಕ ಹಾಕಿ ನೋಡಿ. ತಲೆಗೆ ಮೂರು ಅಂದ್ರೆ 54 ದೋಸೆ. ಒಂದಕ್ಕೆ ಎರಡು ನಿಮಿಷ ಅಂದ್ರೂ 108 ನಿಮಿಷ! ಕೊನೆಯವರು ತಿನ್ನೋ ಹೊತ್ತಿಗೆ ಮೊದಲು ತಿಂದವರಿಗೆ ಮತ್ತೆ ಹಸಿವು. ಸಾಲದ್ದಕ್ಕೆ ಆ ಚಳಿಗೆ ಹಿಟ್ಟು ಹುಳಿಯೇ ಬಂದಿರಲಿಲ್ಲ, ಪಾತ್ರೆ ತಳದಲ್ಲಿ ತಣ್ಣಗೆ ಮಲಗಿತ್ತು.

ಅದಕ್ಕೇ ಒಂದೇ ಪಾತ್ರೆಯ ತಿಂಡಿ. ಒಂದು ಕೆಜಿ ರವೆ ಇದ್ರೆ ಇಷ್ಟು ಜನಕ್ಕೆ ಉಪ್ಪಿಟ್ಟು ಧಾರಾಳ. ರವೆ ಮನೆಯಲ್ಲೇ ಹುರಿದು ತನ್ನಿ, ಅರ್ಧ ಕೆಲಸ ಅಲ್ಲೇ ಮುಗೀತು.

ಮಧ್ಯಾಹ್ನ ಬಿಸಿಬೇಳೆಬಾತ್. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಕುದಿಸಿದ್ರೂ ಕಟ್‌ಕಟ್ ಅನ್ನೋದು ಇದಕ್ಕೇ. ಬೇಳೆಯನ್ನು ಒಂದು ಗಂಟೆ ನೆನೆಸಿ, ಕುಕ್ಕರನ್ನು ಅದಕ್ಕೇ ಬಿಡಿ. ಅನ್ನ ತೆರೆದ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಲಿ, ತಲೆಗೆ 75 ಗ್ರಾಂ ಅಕ್ಕಿ ಸಾಕು.

ಉಪ್ಪು ಜನರ ಲೆಕ್ಕಕ್ಕೆ ಹೆಚ್ಚಿಸಿ. ಖಾರದಪುಡಿ ಹಾಗೆ ಹೆಚ್ಚಿಸೋದು ಬೇಡ, ಮೊದಲು ಲೆಕ್ಕದ ಅರ್ಧ ಹಾಕಿ, ರುಚಿ ನೋಡಿ. ಮಕ್ಕಳಿದ್ದಾರೆ ಅಲ್ವಾ?

ರಾತ್ರಿಗೆ? ಸುತ್ತಾಡಿ ಬಂದವರು ಒಲೆ ಮುಂದೆ ನಿಲ್ಲಲ್ಲ. ಮನೆಯಿಂದ ತಂದ ಪುಳಿಯೋಗರೆ ಗೊಜ್ಜು, ಬಿಸಿ ಅನ್ನ, ಹಪ್ಪಳ. ಹಪ್ಪಳ ಮಾತ್ರ 18 ಲೆಕ್ಕ ಹಾಕ್ಬೇಡಿ, 40 ಕರೀರಿ.