ಮನೆಯ ಮುಪ್ಪು, ಒಡೆಯರ ಮುಪ್ಪು

ಹಾಸನದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, ಅರವತ್ತು ತುಂಬಿದವರು ಸಾರಿಗೆ ಸಂಸ್ಥೆಯ ಬಸ್ಸನ್ನೇರಿದರೆ ಶೇಕಡಾ 25ರಷ್ಟು ರಿಯಾಯಿತಿಯುಂಟು. ಮನೆಗಂದಾಯ ಕಟ್ಟಲು ಹೋದಾಗ ಮಾತ್ರ ಅವರ ವಯಸ್ಸು ಲೆಕ್ಕಕ್ಕೆ ಬಾರದು. ಪುರಸಭೆಗಳ 1964ರ ಅಧಿನಿಯಮದಲ್ಲಾಗಲಿ, ನಗರಪಾಲಿಕೆಗಳ 1976ರ ಅಧಿನಿಯಮದಲ್ಲಾಗಲಿ, ತೆರಿಗೆಗೆ ಆಧಾರ ಆಸ್ತಿಯೇ ಹೊರತು ಒಡೆಯರ ವರಮಾನವಲ್ಲ. ಊರು ಬೆಳೆದಂತೆ ನಿವೇಶನದ ಬೆಲೆ ಏರುತ್ತದೆ. ಅಲ್ಪ ಪಿಂಚಣಿಯಲ್ಲಿ ದಿನ ದೂಡುವ ವೃದ್ಧೆಯ ವರಮಾನ ಆ ವೇಗದಲ್ಲಿ ಏರೀತೆ? ಸೋಜಿಗವೆಂದರೆ, ಹಳೆಯ ಕಟ್ಟಡಕ್ಕೆ ಸವಕಳಿಯ ಕಡಿತವಿದೆ! ಗೋಡೆಯ ಮುಪ್ಪಿಗೆ ಕಾನೂನು ತೋರುವ ಕರುಣೆ, ಆ ಗೋಡೆಗೊರಗಿ ಕುಳಿತ ಜೀವದ ಮುಪ್ಪಿಗೆ ದೊರೆತಿಲ್ಲ. ಏಪ್ರಿಲ್ ತಿಂಗಳಲ್ಲೇ ವರ್ಷದ ತೆರಿಗೆ ಪೂರ್ತಿ ಸಲ್ಲಿಸಿದವರಿಗೆ ಶೇಕಡಾ 5ರ ರಿಯಾಯಿತಿಯೇನೋ ಉಂಟು. ಅದು ಹರೆಯದವರಿಗೂ ವೃದ್ಧರಿಗೂ ಒಂದೇ. ಅದನ್ನು ಪಡೆಯಬೇಕಾದರೂ ಅಷ್ಟು ಹಣ ಒಮ್ಮೆಲೇ ಕೈಯಲ್ಲಿರಬೇಕು.