ಕುಡಿತ ಮತ್ತು ನಮ್ಮ ಯಕೃತ್ತು



ಹುನಗುಂದಕ್ಕೆ ಸಮೀಪದ ಇಳಕಲ್ಲಿನಲ್ಲಿ ವಿಜಯ ಮಹಾಂತೇಶ ಮಠವಿದೆ. ಅಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಕುಡಿತವೇ ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಬೇಡಿದರು. 'ಮಹಾಂತ ಜೋಳಿಗೆ' ಎಂದು ಹೆಸರಾದ ಕಾರ್ಯವಿದು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನ, ಆಗಸ್ಟ್ 1, ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಕುಡಿತ ಬಿಟ್ಟವನ ದೇಹಕ್ಕೆ ದೊರೆಯುವ ಲಾಭವೇನು? ಇದನ್ನು ತಿಳಿಯಲು ಯಕೃತ್ತಿನ ಕೆಲಸವನ್ನು ನೋಡೋಣ.

ಕುಡಿದ ಮದ್ಯಸಾರ ಜಠರ ಮತ್ತು ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಅದರ ಬಹುಪಾಲನ್ನು ವಿಭಜಿಸುವ ಹೊಣೆ ಯಕೃತ್ತಿನದು. ಆಗ ಮೊದಲು ಉಂಟಾಗುವ ಅಸಿಟಾಲ್ಡಿಹೈಡ್ ಜೀವಕೋಶಗಳಿಗೆ ವಿಷ. ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ದೇಹ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸದು.

ಅತಿಯಾಗಿ ಕುಡಿಯುವವರ ಯಕೃತ್ತಿನಲ್ಲಿ ಮೊದಲು ಕೊಬ್ಬು ತುಂಬುತ್ತದೆ. ನೋವಿರುವುದಿಲ್ಲ, ಆದ್ದರಿಂದ 'ನನಗೇನೂ ಆಗಿಲ್ಲ' ಎಂಬ ಧೈರ್ಯ! ಕುಡಿತ ಈ ಹಂತದಲ್ಲೇ ನಿಂತರೆ ಕೆಲವು ವಾರಗಳಲ್ಲಿ ಕೊಬ್ಬು ಕರಗಿ ಯಕೃತ್ತು ಚೇತರಿಸಿಕೊಳ್ಳಬಲ್ಲದು. ಮುಂದುವರಿದರೆ ಉರಿಯೂತ, ಕೊನೆಗೆ ಸಿರೋಸಿಸ್. ಮೃದುವಾದ ಅಂಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ ಕಾಣಿಸಿಕೊಳ್ಳಬಹುದು. ಆ ಗಡುಸು ಪೂರ್ಣವಾಗಿ ಹಿಂದಿರುಗುವುದು ಅಪರೂಪ. ಆದರೂ ಕುಡಿತ ಬಿಟ್ಟರೆ ಆಯುಷ್ಯ ಹೆಚ್ಚುತ್ತದೆ.

ಹಾನಿ ಯಕೃತ್ತಿಗಷ್ಟೇ ಸೀಮಿತವಲ್ಲ. ರಕ್ತದೊತ್ತಡ ಏರುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಬಿ-1 ಜೀವಸತ್ವದ ಕೊರತೆಯಿಂದ ನೆನಪಿನ ಶಕ್ತಿ ಕುಂದಬಹುದು. ಬಾಯಿ, ಅನ್ನನಾಳ, ಯಕೃತ್ತಿನ ಕ್ಯಾನ್ಸರಿಗೂ ಮದ್ಯ ಕಾರಣ. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಷಿದ್ಧ. ಆದರೆ ಬಾಟಲಿಯ ಹೆಸರು, ಬೆಲೆ ಯಾವುದಾದರೂ ಒಳಗಿನ ಮದ್ಯಸಾರ ಒಂದೇ ಎಂಬುದನ್ನು ಮರೆಯದಿರಿ.

ಇನ್ನೊಂದು ಮುಖ್ಯ ಸಂಗತಿ. ವರ್ಷಗಟ್ಟಲೆ ನಿತ್ಯವೂ ಬಹಳ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಉಂಟಾಗಬಹುದು. ಇದು ಪ್ರಾಣಾಪಾಯದ ಸ್ಥಿತಿ. ನಿಮ್ಮ ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ಮನಸ್ಸು ಮಾಡಿದ್ದರೆ ಅವರನ್ನು ಹಂಗಿಸಬೇಡಿ; ಅಂದೇ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಳಿಗೆ ಕರೆದೊಯ್ಯಿರಿ. ಬಿಡುವ ಸಂಕಲ್ಪ ಅವರದು. ಅದು ಕೈಗೂಡಲು ಔಷಧವೂ ಮನೆಯವರ ಆಸರೆಯೂ ಬೇಕು.